ಲಾಹೌಲ್ ಕಣಿವೆಯ ಸರೋವರಗಳು: ನಮ್ಮಷ್ಟಕ್ಕೆ ನಾವೇ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಾಹೌಲ್‌ಗೆ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಎರಡು ಸಲ ಸರ್ಕಾರಿ ಬಸ್ಸಿನಲ್ಲಿ, ಒಂದು ಸಲ ತಮ್ಮನ ಬೈಕಿನ ಹಿಂದಿನ ಸೀಟಿನಲ್ಲಿ. ಅಲ್ಲಿಂದೀಚೆಗೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ರಾತ್ರಿ ಹನ್ನೊಂದರ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಟಿಕೆಟ್ಟು, ರೂಮು, ಊಟ ಎಲ್ಲವನ್ನೂ ತಾವೇ ನೋಡಿಕೊಂಡು ಹೊರಡುವವರಿಗೆ ಇದು.

## ಹೊರಡುವ ಮುಂಚೆ

ಲಾಹೌಲ್ ಅಂದ್ರೆ ಎಲ್ಲಿ? ಅಲ್ಲಿ ನೋಡೋ ಅಂಥ ಕೆರೆಗಳು ಎಷ್ಟಿವೆ?

ಹಿಮಾಚಲ ಪ್ರದೇಶದ ಮನಾಲಿಯಿಂದ ಬೆಟ್ಟದ ಆಚೆ ಬದಿಗೆ ಲಾಹೌಲ್. ಮೊದಲು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಹತ್ತಿ ಇಳಿಯಬೇಕಿತ್ತು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ದಾರಿಯೇ ಇರುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ಆಚೆ ಬದಿ. ಈ ಕಡೆ ದೇವದಾರು, ಮಳೆ, ಮಂಜು. ಆ ಕಡೆ ಬೋಳು ಬೆಟ್ಟ, ಒಣ ಗಾಳಿ. ಮೊದಲ ಸಲ ಬಸ್ಸು ಹೊರಬಂದಾಗ ಬೇರೆ ರಾಜ್ಯಕ್ಕೆ ಬಂದೆವೇನೋ ಅನ್ನಿಸಿತ್ತು.

ಕೆರೆ ಅನ್ನಬೇಡಿ ಎಂದು ನನ್ನ ಮನವಿ. ಕೆರೆಯನ್ನು ಯಾರೋ ಕಟ್ಟಿಸಿರುತ್ತಾರೆ. ಇಲ್ಲಿನ ದೊಡ್ಡ ಸರೋವರಗಳನ್ನು ಯಾರೂ ಕಟ್ಟಿಸಿಲ್ಲ. ರಸ್ತೆಯಿಂದ ಸುಲಭವಾಗಿ ತಲುಪುವವು ನಾಲ್ಕು: ಸುರಂಗ ದಾಟಿದ ಕೂಡಲೇ ಸಿಗುವ ಸಿಸ್ಸು ಊರಿನ ಪುಟ್ಟ ಕೊಳ, ಲೇಹ್ ರಸ್ತೆಯಲ್ಲಿ ದಾರ್ಚಾ ದಾಟಿದ ಮೇಲೆ ದೀಪಕ್‌ತಾಲ್, ಅದೇ ರಸ್ತೆಯಲ್ಲಿ ಬಾರಾಲಾಚಾ ಕಣಿವೆದಾರಿಯ ಕೆಳಗೆ 4,883 ಮೀಟರ್‌ನಲ್ಲಿ ಸೂರಜ್‌ತಾಲ್, ಇನ್ನೊಂದು ಕವಲಿನಲ್ಲಿ ಸುಮಾರು 4,300 ಮೀಟರ್‌ನಲ್ಲಿ ಚಂದ್ರತಾಲ್. ಇನ್ನೂ ಹಲವು ಇವೆ, ಅವಕ್ಕೆ ದಿನಗಟ್ಟಲೆ ನಡೆಯಬೇಕು.

ಸೂರ್ಯ, ಚಂದ್ರ ಅಂತ ಹೆಸರಿಟ್ಟಿದ್ದು ಯಾಕೆ?

ಅಲ್ಲಿನವರು ಹೇಳುವ ಕತೆ ಇದು. ಚಂದ್ರನ ಮಗಳು ಚಂದ್ರಾ, ಸೂರ್ಯನ ಮಗ ಭಾಗ. ಇಬ್ಬರಿಗೂ ಮನಸ್ಸಾಯಿತು. ಬಾರಾಲಾಚಾ ಬೆಟ್ಟದಿಂದ ಎದುರುಬದುರು ದಿಕ್ಕಿಗೆ ಹೊರಟು, ಬೆಟ್ಟಗಳನ್ನು ಬಳಸಿ ಬಂದು ತಾಂಡಿಯಲ್ಲಿ ಮದುವೆಯಾಗೋಣ ಅಂದುಕೊಂಡರು. ಚಂದ್ರಾ ಚುರುಕು, ಮೊದಲು ಬಂದಳು. ಭಾಗ ಇಕ್ಕಟ್ಟಿನ ಕಮರಿಗಳಲ್ಲಿ ಸಿಕ್ಕಿ ಏಗಿಕೊಂಡು ತಡವಾಗಿ ಬಂದ. ಇಬ್ಬರೂ ಸೇರಿ ಚಂದ್ರಭಾಗಾ ಆಯಿತು; ಮುಂದೆ ಜಮ್ಮುವಿಗೆ ಹೋದರೆ ಅದೇ ಚೆನಾಬ್.

ಕತೆ ಭೂಗೋಳಕ್ಕೆ ಸರಿಯಾಗಿ ಹೊಂದುತ್ತದೆ. ಭಾಗ ನದಿ ಹುಟ್ಟುವುದು ಸೂರಜ್‌ತಾಲ್‌ನಲ್ಲಿ. ಚಂದ್ರಾ ಬಾರಾಲಾಚಾದ ಇನ್ನೊಂದು ಮಗ್ಗುಲಿನಿಂದ ಹೊರಟು ಬಳಸಿಕೊಂಡು ಬರುತ್ತಾಳೆ, ಚಂದ್ರತಾಲ್‌ನ ನೀರೂ ಅವಳಿಗೇ ಸೇರುತ್ತದೆ. ತಾಂಡಿ ಸೇತುವೆಯ ಹತ್ತಿರ ಬಸ್ಸು ಇಳಿದು ಹತ್ತು ನಿಮಿಷ ನಿಂತು ನೋಡಿ. ಈ ಕತೆಯೇ ನಿಮ್ಮ ನಕ್ಷೆ ಕೂಡ: ಭಾಗನ ದಡ ಹಿಡಿದರೆ ಸೂರಜ್‌ತಾಲ್, ಚಂದ್ರಾಳ ದಡ ಹಿಡಿದರೆ ಚಂದ್ರತಾಲ್.

ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋಣ ಅಂತಿದ್ದೀವಿ, ಆಗುತ್ತಾ ಮೇಡಂ?

ಸಿಸ್ಸುವರೆಗೆ ಆಗುತ್ತದೆ. ಚಂದ್ರತಾಲ್‌ಗೆ ಆಗುವುದಿಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಹಿಮ ಸರಿಸುವ ಯಂತ್ರಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಮೇಲಿನ ರಸ್ತೆ ಸಾಮಾನ್ಯವಾಗಿ ಮೇ ಕೊನೆ, ಜೂನ್ ಹೊತ್ತಿಗೆ ತೆರೆಯುತ್ತದೆ, ಸರೋವರದ ಕಡೆಗಿನ ಕವಲು ಅದಕ್ಕೂ ತಡ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಎಂದು ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಸೆಪ್ಟೆಂಬರ್. ಹಳ್ಳಗಳಲ್ಲಿ ನೀರು ಇಳಿದಿರುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ, ಜನ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಲಾಹೌಲ್‌ನಲ್ಲಿ ಮಳೆ ಕಡಿಮೆಯೇ, ಆದರೆ ಅಲ್ಲಿಗೆ ಹೋಗುವ ಮಂಡಿ-ಕುಲ್ಲು ರಸ್ತೆಯಲ್ಲಿ ಗುಡ್ಡ ಕುಸಿಯುವ ಕಾಲ ಅದು. ದಸರಾ ರಜೆಯಲ್ಲಿ ಹೋಗುವವರು ಹೊರಡುವ ಹಿಂದಿನ ದಿನವೂ ರಸ್ತೆ ತೆರೆದಿದೆಯೇ ಎಂದು ಲಾಹೌಲ್-ಸ್ಪಿತಿ ಪೊಲೀಸರ ಪ್ರಕಟಣೆ ನೋಡಿ. ಅಕ್ಟೋಬರ್‌ನಲ್ಲಿ ಒಂದೇ ಹಿಮಪಾತಕ್ಕೆ ಎಲ್ಲ ಮುಚ್ಚಬಹುದು. ಚಿಕ್ಕ ಮಕ್ಕಳಿದ್ದರೆ ಸಿಸ್ಸು, ಜಿಲ್ಲಾ ಕೇಂದ್ರವಾದ ಕೇಲಾಂಗ್, ದೀಪಕ್‌ತಾಲ್ ಸಾಕು. ಚಂದ್ರತಾಲ್‌ನ ರಾತ್ರಿ ಅವರಿಗೆ ಬೇಡ.

ಪರ್ಮಿಟ್ ಬೇಕಾ?

ಸುರಂಗದ ಮೂಲಕ ಹೋದರೆ ಭಾರತೀಯರಿಗೆ ಬೇಡ. ರೋಹ್ತಾಂಗ್ ಮೇಲಿನ ಹಳೆಯ ರಸ್ತೆಯಲ್ಲೇ ಹೋಗುತ್ತೇನೆ ಎನ್ನುವವರು ಆನ್‌ಲೈನ್‌ನಲ್ಲಿ ಪರವಾನಗಿ ಪಡೆಯಬೇಕು. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗ ಕೇಳಿದ್ದ: ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು) ಇದ್ದವರೂ ಈ ವಿಷಯದಲ್ಲಿ ವಿದೇಶಿಯರ ಲೆಕ್ಕವೇ. ಮನಾಲಿಯಿಂದ ಚಂದ್ರತಾಲ್ ಮೇಲೆ ಪಕ್ಕದ ಸ್ಪಿತಿ ಕಣಿವೆಯ ಮುಖ್ಯ ಊರಾದ ಕಾಜಾಕ್ಕೆ ಹೋಗುವ ಹಾದಿಗೆ ತೊಂದರೆಯಿಲ್ಲ; ಕಾಜಾದಿಂದ ಮುಂದೆ ತಾಬೊ ದಾಟಿ ಕಿನ್ನೌರ್ ಕಡೆ ಇಳಿಯುವುದಾದರೆ ಗಡಿ ಭಾಗದ ಪರವಾನಗಿ ಬೇಕು.

ಬೆಂಗಳೂರಿನಿಂದ ಹೋಗಿ ಬರೋಕೆ ಎಷ್ಟು ದಿನ ರಜೆ ಹಾಕಲಿ?

ವಿಮಾನದಲ್ಲಿ ಚಂಡೀಗಢಕ್ಕೋ ದೆಹಲಿಗೋ ಹೋಗಿ ಅಲ್ಲಿಂದ ರಾತ್ರಿ ಬಸ್ಸು ಹಿಡಿದರೆ ಹತ್ತು ದಿನ. ರೈಲಿನಲ್ಲಾದರೆ ಹದಿನಾಲ್ಕು. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ಇದೆ, ಹುಬ್ಬಳ್ಳಿ ಮೇಲೆ ಹೋಗುತ್ತದೆ, ನಮ್ಮ ಕಡೆಯವರಿಗೆ ಅದೇ ಅನುಕೂಲ.

ಆರು ದಿನದಲ್ಲಿ ಮುಗಿಸಿ ಬಂದವರಿದ್ದಾರೆ. ಅವರ ಹತ್ತಿರ ಫೋಟೋ ಇದೆ, ಜತೆಗೆ ಚಂದ್ರತಾಲ್‌ನಲ್ಲಿ ರಾತ್ರಿಯಿಡೀ ವಾಂತಿ ಮಾಡಿಕೊಂಡ ಕತೆಯೂ ಇದೆ. ಎರಡು ದಿನವನ್ನು ಯಾವ ಊರಿಗೂ ಬರೆಯದೆ ಖಾಲಿ ಇಟ್ಟುಕೊಳ್ಳಿ. ರಸ್ತೆ ಕುಸಿದರೆ, ಬಸ್ಸು ತಪ್ಪಿದರೆ, ತಲೆ ನೋವು ಬಂದರೆ ಖರ್ಚು ಮಾಡಲು ಅವು. ಟೂರಿನವರ ಜತೆ ಹೋದವರಿಗೆ ಇಲ್ಲದ, ನಮಗೆ ಮಾತ್ರ ಇರುವ ಅನುಕೂಲ ಎಂದರೆ ಅದೊಂದೇ. ಅದನ್ನೂ ಬಿಟ್ಟುಕೊಟ್ಟು ಒಬ್ಬರೇ ಹೋಗುವುದರಲ್ಲಿ ಏನು ಸುಖ?

## ದಾರಿಯಲ್ಲಿ

ಟ್ಯಾಕ್ಸಿಯವರು ಕೇಳೋ ದುಡ್ಡು ಕೊಡಕ್ಕಾಗಲ್ಲ. ಬಸ್ಸಲ್ಲೇ ಚಂದ್ರತಾಲ್ ಮುಟ್ಟಬಹುದಾ?

ಮುಟ್ಟಬಹುದು, ಕಾಲು ಗಟ್ಟಿ ಇರಬೇಕು. ರಸ್ತೆ ತೆರೆದಿರುವ ತಿಂಗಳುಗಳಲ್ಲಿ ಹಿಮಾಚಲ ಸಾರಿಗೆ ನಿಗಮದ ಬಸ್ಸು ಮನಾಲಿಯಿಂದ ಕಾಜಾಕ್ಕೆ ಬೆಳಗಿನ ಜಾವ ಹೊರಡುತ್ತದೆ. ಸಮಯ, ಟಿಕೆಟ್ಟು ಎರಡನ್ನೂ ಹಿಂದಿನ ದಿನವೇ ನಿಲ್ದಾಣದಲ್ಲಿ ನೋಡಿಕೊಳ್ಳಿ. ಸುರಂಗ ದಾಟಿ ಬಲಕ್ಕೆ ಕೊಕ್ಸರ್, ಗ್ರಾಂಫೂ, ಛತ್ರು, ಛೋಟಾ ದರ್ರಾ, ಆಮೇಲೆ ಬಾತಲ್. ಗ್ರಾಂಫೂದಿಂದ ಬಾತಲ್‌ವರೆಗೆ ಸುಮಾರು 50 ಕಿ.ಮೀ.ಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅದನ್ನು ರಸ್ತೆ ಅನ್ನುವುದಕ್ಕಿಂತ ನದಿಪಾತ್ರದ ಕಲ್ಲುಗಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ ಜಾಗ ಅನ್ನಬಹುದು. ಹಿಂದಿನ ಸೀಟು ಸಿಕ್ಕಿದರೆ ಕೂರಬೇಡಿ, ನಿಂತೇ ಹೋಗಿ. ಬೆನ್ನಿಗೆ ಅದೇ ವಾಸಿ.

ಬಾತಲ್‌ನಲ್ಲಿ ಇಳಿದರೆ ಸರೋವರಕ್ಕೆ 14 ಕಿ.ಮೀ. ಟೆಂಟಿನವರ ಗಾಡಿಯೋ ಪ್ರವಾಸಿಗರ ಕಾರೋ ಹತ್ತಿಸಿಕೊಂಡರೆ ಪುಣ್ಯ, ಇಲ್ಲದಿದ್ದರೆ ನಡಿಗೆ. ಮೊದಲ ಸಲ ನಾನು ಪೂರ್ತಿ ನಡೆದೆ, ಐದೂವರೆ ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲಿ ಗದ್ದಿ ಕುರಿಗಾಹಿಗಳ ಹಿಂಡು ಎದುರಾಯಿತು. ಕಾಂಗ್ರಾ, ಚಂಬಾ ಕಡೆಯಿಂದ ಬೇಸಿಗೆಗೆ ಇಲ್ಲಿಗೆ ಕುರಿ ಹೊಡೆದುಕೊಂಡು ಬರುವವರು ಅವರು. ಒಬ್ಬ ಹಿರಿಯರು ನನ್ನ ಚೀಲ ನೋಡಿ, ಇಷ್ಟು ಯಾಕೆ ಹೊತ್ತಿದ್ದೀ ಬೇಟಿ ಎಂದು ನಕ್ಕರು. ಅವರ ಹೆಗಲ ಮೇಲೆ ಒಂದು ಕಂಬಳಿ, ಅದರ ಮಡಿಕೆಯೊಳಗೆ ಆ ದಿನವೇ ಹುಟ್ಟಿದ ಮರಿ, ಅಷ್ಟೇ.

ವಾಪಸಾಗುವಾಗ ಕಾಜಾ-ಮನಾಲಿ ಬಸ್ಸು ಬಾತಲ್‌ಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೋಗುವಾಗಲೇ ಢಾಬಾದಲ್ಲಿ ಕೇಳಿಟ್ಟುಕೊಳ್ಳಿ. ನಾನು ಅಂದಾಜಿನ ಮೇಲೆ ಬಂದು ಬಸ್ಸು ತಪ್ಪಿಸಿಕೊಂಡು, ಆ ರಾತ್ರಿ ಢಾಬಾದ ಜಗುಲಿಯಲ್ಲಿ ಮೂರು ರಜಾಯಿ ಹೊದ್ದು ಮಲಗಿದೆ. ಖಾಲಿ ಇಟ್ಟುಕೊಂಡ ಎರಡು ದಿನದಲ್ಲಿ ಒಂದು ಹೀಗೆ ಖರ್ಚಾಯಿತು.

ಸೂರಜ್‌ತಾಲ್‌ಗೂ ಬಸ್ಸು ಇದೆಯಾ?

ಲೇಹ್‌ಗೆ ಹೋಗುವ ಬಸ್ಸು ಅದರ ದಡದ ಮೇಲೇ ಹೋಗುತ್ತದೆ, ಆದರೆ ಅಲ್ಲಿ ಇಳಿದರೆ ಮರಳಿ ಬರಲು ಗಾಡಿ ಇಲ್ಲ, ಉಳಿಯಲು ಸೂರೂ ಇಲ್ಲ. ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಉಳಿದು, ನಾಲ್ಕು ಜನ ಸೇರಿ ಒಂದು ದಿನಕ್ಕೆ ಟ್ಯಾಕ್ಸಿ ಮಾಡಿ, ದೀಪಕ್‌ತಾಲ್ ನೋಡಿಕೊಂಡು ಸೂರಜ್‌ತಾಲ್ ಮುಟ್ಟಿ ಸಂಜೆಗೆ ಇಳಿದುಬಿಡುವುದು ಲೇಸು. ಮೇಲೆ ಒಂದು ಗಂಟೆಗಿಂತ ಹೆಚ್ಚು ನಿಲ್ಲಬೇಡಿ. ಜೂನ್‌ನಲ್ಲಿ ಹೋದವರಿಗೆ ಅರ್ಧ ಹೆಪ್ಪುಗಟ್ಟಿದ ನೀರು ಕಾಣುತ್ತದೆ, ಅದರ ಚೆಂದವೇ ಬೇರೆ.

ಬೈಕಲ್ಲಿ ಹೋಗೋರಿಗೆ ನಾಲಾಗಳು ಡೇಂಜರ್ ಅಂತಾರೆ, ನಿಜಾನಾ?

ನಿಜ. ನಾಲಾ ಎಂದರೆ ರಸ್ತೆಗೆ ಅಡ್ಡ ಹರಿಯುವ ಹಳ್ಳ. ನಮ್ಮ ಹಳ್ಳ ಮಳೆ ಬಂದಾಗ ಏರುತ್ತದೆ, ಅಲ್ಲಿಯದು ಬಿಸಿಲು ಬಂದಾಗ ಏರುತ್ತದೆ. ಬೆಳಗ್ಗೆ ಮೇಲಿನ ಹಿಮ ಗಟ್ಟಿಯಾಗಿರುತ್ತದೆ, ಪಾದ ಮುಳುಗುವಷ್ಟು ನೀರು. ಮಧ್ಯಾಹ್ನ ಮೂರಕ್ಕೆ ಅದೇ ಜಾಗದಲ್ಲಿ ಮೊಣಕಾಲು ಮೀರಿ ಹರಿಯುತ್ತಿರುತ್ತದೆ, ಕೆಳಗೆ ಕಲ್ಲು ಉರುಳುವ ಸದ್ದು ಕೇಳುತ್ತದೆ. ಛತ್ರು-ಬಾತಲ್ ನಡುವಿನ ಹಳ್ಳಗಳನ್ನು ಬೆಳಗ್ಗೆ ಹತ್ತರೊಳಗೆ ದಾಟಿಬಿಡಿ.

ನನ್ನ ತಮ್ಮ ದಾಟಿದ್ದು ಮೂರೂವರೆಗೆ. ನಾನು ಇಳಿದು, ಬೂಟು ಬಿಚ್ಚದೆ, ಪಕ್ಕದಲ್ಲಿ ನಡೆದೆ. ನೀರು ಮುಟ್ಟಿದ ಜಾಗದಲ್ಲಿ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ನಡುವೆ ಅವನು ಕ್ಲಚ್ ಹಿಡಿದ, ಬೈಕು ನಿಂತಿತು, ವಾಲಿತು. ಹಿಂದೆ ಬಂದ ಲಾರಿಯ ಇಬ್ಬರು ಇಳಿದು ಎತ್ತಿಕೊಟ್ಟರು. ಮೊದಲ ಗೇರಿನಲ್ಲಿ, ನಿಲ್ಲಿಸದೆ, ಕಣ್ಣು ಎದುರು ದಡದ ಮೇಲಿಟ್ಟು ದಾಟಬೇಕು ಎಂದು ಆಮೇಲೆ ಹೇಳಿಕೊಟ್ಟರು.

ಪೆಟ್ರೋಲ್, ಫೋನ್ ಸಿಗ್ನಲ್, ಎಟಿಎಂ?

ಚಂದ್ರತಾಲ್‌ಗೆ ಹೋಗುವವರು ಮನಾಲಿಯಲ್ಲೇ ಟ್ಯಾಂಕ್ ತುಂಬಿಸಿ, ಆ ದಾರಿಯಲ್ಲಿ ಮುಂದಿನ ಬಂಕ್ ಕಾಜಾದಲ್ಲಿ. ಸೂರಜ್‌ತಾಲ್ ಕಡೆಯವರು ತಾಂಡಿಯಲ್ಲಿ ತುಂಬಿಸಿ. ಸಿಸ್ಸು, ಕೇಲಾಂಗ್‌ನಲ್ಲಿ ಫೋನು ನಡೆಯುತ್ತದೆ. ಛತ್ರು ಕಡೆ ತಿರುಗಿದ ಮೇಲೆ ಸ್ಪಿತಿಯ ಲೋಸರ್‌ವರೆಗೆ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಮನೆಯವರಿಗೆ 'ಎರಡು ದಿನ ಫೋನ್ ಸಿಗಲ್ಲ' ಎಂದು ಮೊದಲೇ ಹೇಳಿ. ನಾನು ಹೇಳದೆ ಹೋಗಿದ್ದಕ್ಕೆ ಅಮ್ಮ ಆ ಎರಡು ದಿನ ಊಟ ಮಾಡಿರಲಿಲ್ಲ. ನಗದು ಮನಾಲಿ ಅಥವಾ ಕೇಲಾಂಗ್‌ನಲ್ಲಿ ತೆಗೆದುಕೊಳ್ಳಿ. ಇನ್ನೊಂದು ಮಾತು: ನಮ್ಮ ಪ್ರೀಪೇಯ್ಡ್ ಸಿಮ್ ಹಿಮಾಚಲದಲ್ಲಿ ನಡೆಯುತ್ತದೆ, ಲಡಾಖ್‌ಗೆ ಮುಂದುವರಿದರೆ ನಡೆಯುವುದಿಲ್ಲ.

## ಮೈ, ಹೊಟ್ಟೆ, ನಿದ್ದೆ

ನಂಗೆ ಜಿಮ್ ಅಭ್ಯಾಸ ಇದೆ. ಆಕ್ಸಿಜನ್ ಸಮಸ್ಯೆ ಬರಲ್ಲ ಅಲ್ವಾ?

ಜಿಮ್ಮಿಗೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್‌ನಲ್ಲಿ. ಚಂದ್ರತಾಲ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟು ಮಾತ್ರ. ದೇಹ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ರಾತ್ರಿಗಳು ಬೇಕು. ಗಟ್ಟಿಮುಟ್ಟಾದವರಿಗೇ ಹೆಚ್ಚು ತೊಂದರೆಯಾದದ್ದನ್ನು ನೋಡಿದ್ದೇನೆ, ಅವರು ನಿಧಾನ ಮಾಡುವುದಿಲ್ಲವಲ್ಲ.

ಮುಖ್ಯವಾದದ್ದು ಹಗಲು ಎಷ್ಟು ಹತ್ತಿದಿರಿ ಎಂಬುದಲ್ಲ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು ಎಂದು ವೈದ್ಯರು ಹೇಳುತ್ತಾರೆ. ಮನಾಲಿ 2,050 ಮೀಟರ್. ಅಲ್ಲಿಂದ ಒಂದೇ ದಿನಕ್ಕೆ ಚಂದ್ರತಾಲ್ ಎಂದರೆ 2,200 ಮೀಟರ್‌ಗೂ ಮೀರಿದ ಜಿಗಿತ. ನನ್ನ ಕ್ರಮ ವೈದ್ಯರ ಲೆಕ್ಕಕ್ಕಿಂತ ಸ್ವಲ್ಪ ವೇಗದ್ದೇ, ಹೀಗೆ: ಮನಾಲಿಯಲ್ಲಿ ಎರಡು ರಾತ್ರಿ, ಸಿಸ್ಸು ಅಥವಾ ಕೇಲಾಂಗ್‌ನಲ್ಲಿ (ಎರಡೂ 3,100 ಮೀಟರ್ ಆಸುಪಾಸು) ಮೂರು ರಾತ್ರಿ, ಆ ನಡುವೆ ಒಂದು ಹಗಲು ದೀಪಕ್‌ತಾಲ್, ಆಮೇಲೆ ಛತ್ರು ಅಥವಾ ಬಾತಲ್‌ನಲ್ಲಿ ಒಂದು ರಾತ್ರಿ, ಕೊನೆಗೆ ಚಂದ್ರತಾಲ್.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಬಂದರೆ ಮೇಲೆ ಹೋಗಬೇಡಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕೆಳಗಿಳಿಸಿ. ಕೇಲಾಂಗ್‌ನಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆ ಇದೆ. ಎತ್ತರದ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಊರಲ್ಲೇ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಹೇಳಲು ಮರೆಯಬೇಡಿ. ಪಕ್ಕದವರು ಕೊಟ್ಟರೆಂದು ನುಂಗುವ ಮಾತ್ರೆ ಅಲ್ಲ ಅದು.

ನಾವು ಶುದ್ಧ ಸಸ್ಯಾಹಾರಿಗಳು, ಅನ್ನ ಬೇಕೇ ಬೇಕು. ಏನು ಗತಿ?

ಗತಿ ಚೆನ್ನಾಗಿಯೇ ಇದೆ. ದಾಲ್-ಚಾವಲ್, ರಾಜ್ಮಾ-ಚಾವಲ್, ಮ್ಯಾಗಿ, ರೊಟ್ಟಿ ಎಲ್ಲ ಢಾಬಾದಲ್ಲೂ ಸಿಗುತ್ತದೆ. ಚಂದ್ರತಾಲ್‌ನ ಎತ್ತರದಲ್ಲಿ ನೀರು 86 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಸರಿಯಾಗಿ ಬೇಯುವುದಿಲ್ಲ, ಎಲ್ಲರೂ ಕುಕ್ಕರ್ ಇಡುತ್ತಾರೆ. ಮೂರನೇ ದಿನಕ್ಕೆ ನಾಲಿಗೆ ಸಾರು ಕೇಳುತ್ತದೆ. ಅದಕ್ಕೆ ನಾನು ಶೇಂಗಾ ಚಟ್ನಿಪುಡಿಯ ಡಬ್ಬಿ, ಒಗ್ಗರಣೆ ಹಾಕಿದ ಅವಲಕ್ಕಿ ಒಯ್ಯುತ್ತೇನೆ. ಬಾತಲ್‌ನ ಢಾಬಾದಲ್ಲಿ ಆ ಚಟ್ನಿಪುಡಿಯನ್ನು ಬೇಳೆಗೆ ಕಲಸಿ ತಿಂದ ಡ್ರೈವರ್ ಒಬ್ಬರು ಡಬ್ಬಿಯನ್ನೇ ಇಟ್ಟುಕೊಂಡರು. ಗಾಳಿ ತುಂಬಿದ ಚಿಪ್ಸ್ ಪೊಟ್ಟಣಗಳು ಮೇಲೆ ಬಲೂನಿನಂತೆ ಉಬ್ಬುತ್ತವೆ. ಶಾಂಪೂ, ಎಣ್ಣೆ ಬಾಟಲಿಗಳ ಮುಚ್ಚಳ ತೆರೆಯುವಾಗ ಮುಖ ದೂರ ಇಡಿ.

ಸರೋವರದ ದಡದಲ್ಲೇ ಟೆಂಟ್ ಹಾಕಬಹುದಾ?

ಇಲ್ಲ. ಚಂದ್ರತಾಲ್ 2005ರಿಂದ ರಾಮ್ಸರ್ ಪಟ್ಟಿಯಲ್ಲಿರುವ, ಅಂದರೆ ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಜೌಗು ಪ್ರದೇಶ, ವಿಸ್ತೀರ್ಣ 49 ಹೆಕ್ಟೇರ್. ಟೆಂಟುಗಳೆಲ್ಲ ಕೆಲವು ಕಿಲೋಮೀಟರ್ ಈಚೆಗೇ ಇವೆ. ಗಾಡಿಗಳೂ ಸ್ವಲ್ಪ ದೂರದಲ್ಲಿ ನಿಲ್ಲುತ್ತವೆ, ಅಲ್ಲಿಂದ ನಡಿಗೆ. ಸೆಪ್ಟೆಂಬರ್ ರಾತ್ರಿ ನೀರಿನ ಬಾಟಲಿ ಹೆಪ್ಪುಗಟ್ಟುವಷ್ಟು ಚಳಿ ಇರಬಹುದು, ಬಾಟಲಿಯನ್ನು ರಜಾಯಿಯ ಒಳಗೇ ಇಟ್ಟುಕೊಂಡು ಮಲಗಿ.

ಹುಡುಗಿ ಒಬ್ಬಳೇ ಹೋಗೋದು ಸೇಫಾ? ಅಪ್ಪ ಒಪ್ತಿಲ್ಲ.

ನನಗೆ ಅಲ್ಲಿ ಮನುಷ್ಯರಿಂದ ಹೆದರಿಕೆಯಾದದ್ದಿಲ್ಲ. ಲಾಹೌಲ್‌ನಲ್ಲಿ ಅಂಗಡಿ, ಹೊಲ, ಹೋಮ್‌ಸ್ಟೇ ಎಲ್ಲವನ್ನೂ ಹೆಂಗಸರೇ ನಡೆಸುವುದನ್ನು ಕಾಣುತ್ತೀರಿ. 'ಜೂಲೇ' ಎಂದು ಕೈಮುಗಿದರೆ ಅರ್ಧ ಪರಿಚಯ ಆದಂತೆ. ಹೆದರಬೇಕಾದದ್ದು ಎತ್ತರಕ್ಕೆ, ಚಳಿಗೆ: ರಾತ್ರಿ ಒಬ್ಬಳೇ ಇದ್ದಾಗ ತಲೆ ಸುತ್ತಿದರೆ ನೋಡುವವರಿಲ್ಲ. ಅದಕ್ಕೇ ಚಂದ್ರತಾಲ್‌ನಲ್ಲಿ ಉಳಿಯುವ ರಾತ್ರಿ ಪಕ್ಕದ ಟೆಂಟಿನವರಿಗೆ ಹೆಸರು ಹೇಳಿ ಮಲಗುತ್ತೇನೆ. ಅಪ್ಪನಿಗೆ ದಿನವಾರು ಪಟ್ಟಿ ಬರೆದು ಕೊಡಿ: ಯಾವ ರಾತ್ರಿ ಎಲ್ಲಿ, ಯಾವ ಬಸ್ಸು, ಯಾವ ದಿನ ಫೋನ್ ಇಲ್ಲ. ನಮ್ಮಪ್ಪ ಆ ಪಟ್ಟಿಯನ್ನು ಕ್ಯಾಲೆಂಡರಿಗೆ ಪಿನ್ ಮಾಡಿಟ್ಟುಕೊಂಡು ದಿನಾ ಗೀಟು ಹಾಕುತ್ತಿದ್ದರಂತೆ.

## ನೀರಿನ ಹತ್ತಿರ

ಈಜಬಹುದಾ? ಕಾಲಾದ್ರೂ ಇಳಿಬಿಡಬಹುದಾ?

ಬೇಡ. ಅಲ್ಲಿನವರಿಗೆ ಚಂದ್ರತಾಲ್ ಪೂಜ್ಯ ಜಾಗ. ಯುಧಿಷ್ಠಿರನನ್ನು ಇಂದ್ರನ ರಥ ಕರೆದೊಯ್ದದ್ದು ಇಲ್ಲಿಂದಲೇ ಎಂಬ ನಂಬಿಕೆಯೂ ಇದೆ. ನಂಬಿಕೆ ಬದಿಗಿಟ್ಟರೂ ಆ ತಣ್ಣೀರಿಗೆ ಇಳಿದರೆ ಮೈ ಸೆಟೆಯಲು ನಿಮಿಷಗಳು ಸಾಕು.

ಫೋಟೋದಲ್ಲಿ ಕಾಣೋ ಆ ನೀಲಿ ನಿಜವಾಗ್ಲೂ ಇರುತ್ತಾ?

ಇರುತ್ತದೆ, ಹೊತ್ತು ನೋಡಿ ಹೋಗಬೇಕು. ಹೆಚ್ಚಿನವರು ಮಧ್ಯಾಹ್ನ ಬರುತ್ತಾರೆ, ಆಗ ಗಾಳಿ ಎದ್ದು ನೀರೆಲ್ಲ ಸುಕ್ಕು. ಬೆಳಗ್ಗೆ ಆರಕ್ಕೆ ಹೋದಾಗ ಎದುರು ಬೆಟ್ಟದ ಪ್ರತಿ ಗೆರೆಯೂ ನೀರಿನಲ್ಲಿ ಇತ್ತು, ಒಂದು ಹಕ್ಕಿ ಇಳಿದು ಅದನ್ನು ಕಲಕಿತು. ಸುತ್ತು ಹಾಕಲು ಎರಡು ಗಂಟೆ ಇಟ್ಟುಕೊಳ್ಳಿ. ಜೌಗಿನ ಕಡೆ ಹುಲ್ಲು ಮೆಟ್ಟದೆ ಕಾಲುದಾರಿಯಲ್ಲೇ ನಡೆಯಿರಿ.

ಅಲ್ಲಿ ಕಾಣೋ ಕೇಸರಿ ಬಣ್ಣದ ಬಾತು ಯಾವುದು?

ಚಕ್ರವಾಕ! ಹಳಗನ್ನಡದ ಪಾಠ ಮಾಡುವಾಗೆಲ್ಲ ಇರುಳಿನಲ್ಲಿ ಅಗಲಿ ಒಂದನ್ನೊಂದು ಕೂಗುವ ಜಕ್ಕವಕ್ಕಿಗಳ ಬಗ್ಗೆ ಹೇಳಿದ್ದೇನೆ, ಕಣ್ಣಾರೆ ಕಂಡದ್ದು ಅಲ್ಲಿ. ಬೇಸಿಗೆಯಲ್ಲಿ ಹಿಮಾಲಯದ ಇಂಥ ಎತ್ತರದ ನೀರಿನ ಬಳಿ ಮರಿ ಮಾಡಿ, ಚಳಿಗಾಲಕ್ಕೆ ಬಯಲಿಗೆ ಇಳಿಯುವ ಹಕ್ಕಿ ಅದು. ನಮ್ಮ ಉತ್ತರ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಮರಿಗಳಿದ್ದರೆ ಹತ್ತಿರ ಹೋಗಬೇಡಿ, ತಾಯಿ ಗಾಬರಿಯಾಗಿ ನೀರಿಗಿಳಿಸುತ್ತದೆ.

## ಇನ್ನೂ ಮುಂದಕ್ಕೆ

ಚಂದ್ರತಾಲ್‌ನಿಂದ ಸೂರಜ್‌ತಾಲ್‌ಗೆ ನಡೆದೇ ಹೋಗಬಹುದಂತಲ್ಲ, ಗೈಡ್ ಇಲ್ಲದೆ ಮಾಡ್ಲಾ?

ಹಾದಿ ಇದೆ. ಚಂದ್ರಾ ನದಿಯ ಮೇಲ್ಕಣಿವೆ ಹಿಡಿದು ಟೋಕ್ಪೊ ಯೋಂಗ್ಮಾ, ಟೋಕ್ಪೊ ಗೋಂಗ್ಮಾ ಎಂಬ ಎರಡು ಹೊಳೆ ದಾಟಿ ಬಾರಾಲಾಚಾ ಸೇರುವುದು, ಸಾಮಾನ್ಯವಾಗಿ ಮೂರು ದಿನ. ಹತ್ತುವುದೇನೂ ಕಷ್ಟವಲ್ಲ, ಹೊಳೆಗಳೇ ಕಷ್ಟ. ಸೇತುವೆ ನೆಚ್ಚಿಕೊಂಡು ಹೋಗುವಂತಿಲ್ಲ. ಬೆಳಗಿನ ಜಾವ, ತೋಳಿಗೆ ತೋಳು ಹೆಣೆದು, ಹೊಳೆಯ ಮೇಲ್ಮುಖವಾಗಿ ತಿರುಗಿ ಅಡ್ಡಡ್ಡ ಹೆಜ್ಜೆ ಇಡುತ್ತಾ ದಾಟಬೇಕು. ಒಬ್ಬರೇ ಇದ್ದರೆ ತೋಳು ಹೆಣೆಯುವುದು ಯಾರ ಜತೆ?

ನಾನು ಈ ಹಾದಿ ಮುಗಿಸಿಲ್ಲ. ಮೂರನೇ ಸಲ ಮೊದಲ ಹೊಳೆಯ ದಡದವರೆಗೆ ಹೋದೆವು, ನಾನು ಮತ್ತು ಇಬ್ಬರು ಗೆಳತಿಯರು, ಬೆಳಗ್ಗೆ ಒಂಬತ್ತಕ್ಕೆ. ತಡವಾಗಿತ್ತು. ಕೋಲು ಇಳಿಸಿ ನೋಡಿದರೆ ಸೊಂಟದ ಮಟ್ಟ. ಅಲ್ಲೇ ಅವಲಕ್ಕಿ ತಿಂದು ವಾಪಸು ಬಂದೆವು. ಹೋಗುವವರು ಕುದುರೆ ಇಟ್ಟುಕೊಂಡ ಸ್ಥಳೀಯರೊಬ್ಬರ ಜತೆ ಹೋಗಿ, ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿ. ಸ್ಥಳೀಯರನ್ನು ಕರೆದುಕೊಂಡು ಹೋದರೆ 'ಸ್ವಂತ'ದ್ದು ಕೆಡುತ್ತದೆ ಅಂದುಕೊಳ್ಳಬೇಡಿ.

ಅಷ್ಟು ಬೇಡ, ಸ್ವಲ್ಪ ನಡೆಯಬೇಕು ಎನ್ನುವವರಿಗೆ ಕುಂಜುಮ್ ಕಣಿವೆದಾರಿಯಿಂದ ಚಂದ್ರತಾಲ್‌ಗೆ ಇಳಿಯುವ ಕಾಲುದಾರಿ ಇದೆ, ಅರ್ಧ ದಿನದ್ದು. ಕಾಜಾ ಬಸ್ಸಿನಲ್ಲಿ ಮೇಲಿನವರೆಗೆ ಹೋಗಿ ಕುಂಜುಮ್ ಮಾತೆಯ ಗುಡಿಯ ಹತ್ತಿರ ಇಳಿಯಿರಿ. ಬಸ್ಸು ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತದೆ, ಆ ಸುತ್ತು ಮುಗಿಯುವವರೆಗೆ ಕೂತಿರಿ.

ಹಿಮ ಬಿದ್ದು ಅಲ್ಲೇ ಸಿಕ್ಕಿಹಾಕಿಕೊಂಡರೆ?

ಆಗುತ್ತದೆ, ನಡುಬೇಸಿಗೆಯಲ್ಲೂ ಆಗಿದೆ. 2023ರ ಜುಲೈನಲ್ಲಿ ಮಳೆ, ಹಿಮ ಒಟ್ಟಿಗೆ ಸುರಿದು 250ಕ್ಕೂ ಹೆಚ್ಚು ಪ್ರವಾಸಿಗರು ಚಂದ್ರತಾಲ್ ಟೆಂಟುಗಳಲ್ಲಿ ದಿನಗಟ್ಟಲೆ ಉಳಿದರು. ಕುಂಜುಮ್ ಕಡೆಯಿಂದ ಹಿಮ ಸರಿಸಿ ದಾರಿ ಮಾಡಿ ಅವರನ್ನು ಹೊರತರಲಾಯಿತು.

ಅಂಥ ಹೊತ್ತಿನಲ್ಲಿ ಟೆಂಟು ಬಿಟ್ಟು ನಡೆದು ಹೊರಡಬೇಡಿ. ಟೆಂಟಿನವರ ಬಳಿ ಅಕ್ಕಿ, ಬೇಳೆ, ಸೀಮೆಎಣ್ಣೆ ಕೆಲವು ದಿನಕ್ಕೆ ಆಗುವಷ್ಟು ಇರುತ್ತದೆ, ಅವರು ಇಂಥದ್ದನ್ನು ಕಂಡವರು. ದಿನಾ ನುಂಗುವ ಮಾತ್ರೆಗಳನ್ನು ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಂಡಿರಿ. ವಾಪಸು ವಿಮಾನದ ಟಿಕೆಟ್ ತಪ್ಪಿದರೆ ತಪ್ಪಲಿ. ಫೋನು ಆಫ್ ಮಾಡಿ ಬ್ಯಾಟರಿ ಉಳಿಸಿ, ಅಡುಗೆ ಟೆಂಟಿನಲ್ಲಿ ಒಲೆಯ ಹತ್ತಿರ ಕೂತು ಈರುಳ್ಳಿ ಹೆಚ್ಚಿಕೊಡಿ.